ಪದ್ಯದ ಪಕ್ಕದಲ್ಲಿ ಸಂದೇಹಕ್ಕೊಂದು ಜಾಗ: ಗೂಗಲ್ ಡಾಕ್ಸ್ ಟಿಪ್ಪಣಿಯೊಂದಿಗೆ ಹದಿನಾಲ್ಕು ತಿಂಗಳು

ನನ್ನ ಅಜ್ಜ ಯಕ್ಷಗಾನದಲ್ಲಿ ಪದ್ಯ ಹಾಡುವ ಭಾಗವತರಾಗಿದ್ದರು. ಹೊನ್ನಾವರದ ಆಸುಪಾಸಿನ ಬಯಲಾಟಗಳಲ್ಲಿ ಹಾಡಿದವರು. ಅವರು ಕೈಯಾರೆ ನಕಲು ಮಾಡಿಕೊಂಡ ಒಂದು ಪ್ರಸಂಗದ, ಅಂದರೆ ಆಟದ ಕಥೆಯನ್ನು ಹೇಳುವ ಪದ್ಯಗಳ, ಪುಸ್ತಕ ಅಟ್ಟದ ಪೆಟ್ಟಿಗೆಯಲ್ಲಿತ್ತು. ಅಂಚುಗಳನ್ನು ಹುಳು ತಿಂದಿದೆ, ಕೆಲವು ಪುಟಗಳಲ್ಲಿ ಶಾಯಿ ಹಿಂಬದಿಗೆ ಇಳಿದಿದೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಇದನ್ನು ಅಚ್ಚಿಗೆ ಸಿದ್ಧಪಡಿಸಬೇಕೆಂದು ಕುಳಿತೆ. ಒಬ್ಬನಿಂದ ಆಗುವ ಕೆಲಸವಲ್ಲ. ಪುಣೆಯಲ್ಲಿರುವ ಅಣ್ಣನ ಮಗಳು ಬೆರಳಚ್ಚು ಮಾಡುತ್ತಾಳೆ. ಛಂದಸ್ಸು ಬಲ್ಲ ನಿವೃತ್ತ ಕನ್ನಡ ಉಪನ್ಯಾಸಕರೊಬ್ಬರು ಮಂಗಳೂರಿನಲ್ಲಿದ್ದಾರೆ. ರಾಗ, ತಾಳ, ಮಟ್ಟು (ಪದ್ಯ ಹಾಡುವ ಧಾಟಿ) ಇವುಗಳ ವಿಷಯದಲ್ಲಿ ಕೊನೆಯ ಮಾತು ನನ್ನ ಭಾವನವರದು. ಅವರೂ ಭಾಗವತರು, ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಲೆಯಲ್ಲಿ ಇಂದಿಗೂ ಹಾಡುತ್ತಾರೆ. ನಾನು ಮೂಲ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಹೋಲಿಸುವವನು. ನಾಲ್ವರೂ ನಾಲ್ಕು ಊರಿನಲ್ಲಿ.

ಮೊದಲ ಮೂರು ತಿಂಗಳು ಮೊಬೈಲಿನ ಒಂದು ಗುಂಪಿನಲ್ಲಿ ಮಾತಾಡಿಕೊಂಡೆವು. ‘ಆ ಎಂಟನೆಯ ಪದ್ಯದ ಮೂರನೆಯ ಸಾಲು’ ಎಂದು ಉಪನ್ಯಾಸಕರು ಬರೆಯುವುದು, ಅಷ್ಟರಲ್ಲಿ ಭಾವನವರು ಹದಿಮೂರನೆಯ ಪದ್ಯವನ್ನು ಹಾಡಿ ಧ್ವನಿಮುದ್ರಿಕೆ ಕಳಿಸುವುದು, ನಡುವೆ ಯಾರದೋ ಹುಟ್ಟುಹಬ್ಬದ ಶುಭಾಶಯ. ಯಾವ ಸಂದೇಹಕ್ಕೆ ಯಾವುದು ಉತ್ತರವೆಂದು ಒಂದು ವಾರದ ನಂತರ ನಮಗೇ ತಿಳಿಯುತ್ತಿರಲಿಲ್ಲ. ಮಿಂಚಂಚೆಯಲ್ಲಿ ಕಡತ ಕಳಿಸಿಕೊಂಡಾಗ ಒಂದೇ ಪ್ರಸಂಗದ ಐದು ಪ್ರತಿಗಳಾದವು. ಎಲ್ಲದರ ಹೆಸರಿನಲ್ಲೂ ‘ಅಂತಿಮ’ ಎಂದಿತ್ತು. ಆಮೇಲೆ ಅಣ್ಣನ ಮಗಳು ಎಲ್ಲವನ್ನೂ ಗೂಗಲ್ ಡಾಕ್ಸ್‌ಗೆ, ಹಲವರು ಒಂದೇ ಕಡತದಲ್ಲಿ ಅಂತರ್ಜಾಲದ ಮೂಲಕ ಕೆಲಸ ಮಾಡಬಹುದಾದ ಜಾಗಕ್ಕೆ, ತಂದಳು. ಹದಿನಾಲ್ಕು ತಿಂಗಳು ಬಳಸಿದ ಮೇಲೆ, ಅದರಲ್ಲೂ ಟಿಪ್ಪಣಿಯ ಸೌಲಭ್ಯದ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿದೆ. ಹಳೆಯ ಹಸ್ತಪ್ರತಿ, ಮನೆತನದ ಕಡತ, ಊರಿನ ಸ್ಮರಣ ಸಂಚಿಕೆ ಎಂದು ಕೆಲಸ ಹಿಡಿದವರಿಗೆ ಉಪಯೋಗವಾದೀತು.

ಬಳಕೆಯ ಕ್ರಮ ಸರಳ. ಸಂದೇಹವಿರುವ ಪದವನ್ನು ಗುರುತಿಸಿದರೆ ಬಲಗಡೆಯ ಅಂಚಿನಲ್ಲಿ ಟಿಪ್ಪಣಿಯ ಗುಂಡಿ ಕಾಣಿಸಿಕೊಳ್ಳುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಸಾಕು. ಬರೆದ ಟಿಪ್ಪಣಿ ಆ ಪದಕ್ಕೇ ಅಂಟಿಕೊಂಡು ನಿಲ್ಲುತ್ತದೆ. ಮೇಲೆ ಹತ್ತು ಪದ್ಯಗಳನ್ನು ಹೊಸದಾಗಿ ಸೇರಿಸಿದರೂ ಅದು ತನ್ನ ಪದವನ್ನು ಬಿಡದೆ ಕೆಳಗಿಳಿಯುತ್ತದೆ. ಉತ್ತರಗಳೆಲ್ಲ ಅದರಡಿಯಲ್ಲೇ ಸಾಲಾಗಿ ಬರುತ್ತವೆ.

ಇದರ ಬೆಲೆ ನನಗೆ ತಿಳಿದದ್ದು ಭಾಮಿನಿ ಷಟ್ಪದಿ ಎಂಬ ಛಂದಸ್ಸಿನ, ಆರು ಸಾಲುಗಳ ಒಂದು ಪದ್ಯದಲ್ಲಿ. ಅಜ್ಜ ನಕಲು ಮಾಡಿದ್ದು ಇನ್ನೂ ಹಳೆಯ ಪ್ರತಿಯಿಂದ. ಹಳೆಯ ಬರಹದಲ್ಲಿ ಎ-ಏ, ಒ-ಓ ವ್ಯತ್ಯಾಸವನ್ನು ತೋರಿಸುವ ಪದ್ಧತಿ ಇರಲಿಲ್ಲ. ಅಜ್ಜನೂ ಹಲವು ಕಡೆ ಇದ್ದದ್ದನ್ನು ಇದ್ದಂತೆ ಇಳಿಸಿಕೊಂಡಿದ್ದಾರೆ. ಪದ್ಯದ ಮೊದಲ ಪದ ಪುಸ್ತಕದಲ್ಲಿ ‘ಬೆರೆ’ ಎಂದಿತ್ತು. ಹುಡುಗಿ ಹಾಗೆಯೇ ಬೆರಳಚ್ಚು ಮಾಡಿದ್ದಳು. ನಾನು ಆ ಪದಕ್ಕೆ ‘ಅರ್ಥ ಕೂಡುತ್ತಿಲ್ಲ’ ಎಂದು ಟಿಪ್ಪಣಿ ಹಾಕಿದೆ. ಸಂಜೆಗೆ ಉಪನ್ಯಾಸಕರ ಉತ್ತರ ಬಂತು: ಭಾಮಿನಿ ಷಟ್ಪದಿಯ ಸಾಲು ಮೂರು ಮಾತ್ರೆಯ ಗಣದಿಂದ (ಗುಂಪಿನಿಂದ; ಮಾತ್ರೆ ಎಂದರೆ ಉಚ್ಚಾರದ ಅಳತೆ, ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು) ಆರಂಭವಾಗಬೇಕು, ಮೂರು-ನಾಲ್ಕು-ಮೂರು-ನಾಲ್ಕು, ‘ಬೆರೆ’ಯಲ್ಲಿ ಇರುವುದು ಎರಡೇ ಮಾತ್ರೆ. ‘ಬೇರೆ’ ಎಂದರೆ ಮೂರು. ಮರುದಿನ ಅವರೇ ಇನ್ನೊಂದು ಸಾಲು ಸೇರಿಸಿದರು: ಉಳಿದ ಐದು ಸಾಲುಗಳಲ್ಲಿಯೂ ಪ್ರಾಸಾಕ್ಷರದ (ಸಾಲಿನ ಎರಡನೆಯ ಅಕ್ಷರದ) ಹಿಂದಿನ ಅಕ್ಷರ ಗುರುವಾಗಿದೆ, ಆದ್ದರಿಂದ ಇದೂ ಗುರುವೇ ಆಗಬೇಕು. ಎರಡು ದಿನ ಬಿಟ್ಟು ಭಾವನವರು, ‘ನಾವು ಹಾಡುವಾಗ ಮೊದಲಿನಿಂದಲೂ ಬೇರೆ ಎಂದೇ ಎಳೆಯುತ್ತೇವೆ’ ಎಂದು ಬರೆದರು. ಒಂದು ಪದದ ಪಕ್ಕದಲ್ಲಿ ಲಿಪಿ, ಛಂದಸ್ಸು, ಹಾಡುವ ಪರಂಪರೆ ಮೂರೂ ಬಂದು ಕುಳಿತವು. ಇಷ್ಟು ಚರ್ಚೆಯನ್ನು ಒಂದೇ ಕಡೆ ಹಿಡಿದಿಡಲು ಆ ಮೊಬೈಲ್ ಗುಂಪಿನಲ್ಲಿ ಸಾಧ್ಯವೇ ಇರಲಿಲ್ಲ.

ಟಿಪ್ಪಣಿಯ ಜೊತೆಗೆ ‘ಸಲಹೆ’ ಎಂಬ ಇನ್ನೊಂದು ವಿಧಾನವಿದೆ. 2014ರಲ್ಲಿ ಸೇರಿಸಿದ ಸೌಲಭ್ಯ ಇದು. ಇದರಲ್ಲಿ ನೇರವಾಗಿ ಪಠ್ಯದಲ್ಲೇ ತಿದ್ದಬಹುದು, ಆದರೆ ಹಳೆಯದು ಅಳಿದುಹೋಗುವುದಿಲ್ಲ. ಅದರ ಮೇಲೆ ಗೆರೆ ಬೀಳುತ್ತದೆ, ಹೊಸದು ಬಣ್ಣದಲ್ಲಿ ಪಕ್ಕಕ್ಕೆ ನಿಲ್ಲುತ್ತದೆ. ತಿದ್ದುವ ಅಧಿಕಾರ ಇರುವವರು ಒಪ್ಪಬಹುದು, ಬಿಡಬಹುದು. ‘ಬಂದ’ ಎಂದಿರುವಲ್ಲಿ ನಾಲ್ಕು ಮಾತ್ರೆ ಬೇಕಾಗಿ ‘ಬಂದನು’ ಎಂದು ತಿದ್ದಬೇಕಾದಾಗ ಇದು ಸಾಕು, ಚರ್ಚೆ ಬೇಡ. ಆದರೆ ಅಜ್ಜನ ಪದವನ್ನೇ ಪ್ರಶ್ನಿಸುವಲ್ಲಿ ಸಲಹೆಯನ್ನು ಬಳಸಬಾರದೆಂದು ನಾವು ನಿರ್ಧರಿಸಿದೆವು. ಬೆರಳಚ್ಚಿನ ತಪ್ಪಿಗೆ ಸಲಹೆ, ಮೂಲದ ಸಂದೇಹಕ್ಕೆ ಟಿಪ್ಪಣಿ. ಈ ಒಂದು ಕಟ್ಟುಪಾಡನ್ನು ಮೊದಲ ದಿನವೇ ಹಾಕಿಕೊಳ್ಳಿ ಎಂದು ಎಲ್ಲರಿಗೂ ಒತ್ತಿ ಹೇಳುತ್ತೇನೆ. ತೀರಿಕೊಂಡವರ ಬರಹವನ್ನು ಸದ್ದಿಲ್ಲದೆ ಸರಿಪಡಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅಪರಾಧ. ನಮಗೆ ತಪ್ಪೆಂದು ಕಂಡದ್ದು ಅವರ ಕಾಲದ ರೂಢಿಯಾಗಿರಬಹುದು. ಟಿಪ್ಪಣಿಯಾಗಿ ಉಳಿದ ಸಂದೇಹ ಮುಂದೆ ಪುಸ್ತಕದಲ್ಲಿ ಪಾಠಾಂತರದ (ಅದೇ ಪದದ ಇನ್ನೊಂದು ರೂಪದ) ಅಡಿಟಿಪ್ಪಣಿಯಾಗುತ್ತದೆ. ನಮ್ಮ ಅಡಿಟಿಪ್ಪಣಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಹಾಗೆಯೇ.

ಕನ್ನಡಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಈಗಿನ ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ‘ಬೇ’ ಎಂಬುದು ಒಂದೇ ಸಂಕೇತವಲ್ಲ. ವ್ಯಂಜನ ಬೇರೆ, ಅದರ ಸ್ವರಚಿಹ್ನೆ ಬೇರೆ. ಸಲಹೆಯ ವಿಧಾನದಲ್ಲಿ ಬರೀ ಸ್ವರಚಿಹ್ನೆಯನ್ನು ಅಳಿಸಿ ಇನ್ನೊಂದನ್ನು ಹಾಕಿದರೆ, ಗೆರೆ ಬಿದ್ದ ಚಿಹ್ನೆಯೂ ಹೊಸ ಚಿಹ್ನೆಯೂ ಒಂದೇ ಅಕ್ಷರಕ್ಕೆ ಜೋತುಬೀಳುತ್ತವೆ. ಏನನ್ನು ಏನೆಂದು ತಿದ್ದಲಾಗಿದೆ ಎಂಬುದು ಕಣ್ಣಿಗೆ ಹಿಡಿಯುವುದಿಲ್ಲ. ಒತ್ತಕ್ಷರಗಳಲ್ಲಿ ಇನ್ನೂ ಕಷ್ಟ. ಆದ್ದರಿಂದ ತಪ್ಪು ಒಂದು ಕೊಂಬಿನದ್ದಾದರೂ ಇಡೀ ಪದವನ್ನು ಅಳಿಸಿ ಇಡೀ ಪದವನ್ನು ಮತ್ತೆ ಬರೆಯಬೇಕು. ಹಾಗೆಯೇ ಉಪನ್ಯಾಸಕರು ಬಹಳ ಹಿಂದೆ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ್ದು) ಬೆರಳಚ್ಚು ಮಾಡಿಟ್ಟ ನಲವತ್ತು ಪದ್ಯಗಳಿದ್ದವು. ಅವನ್ನು ಹಾಗೆಯೇ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ತರಬೇಕು. ಅಕ್ಷರರೂಪಕ್ಕೆ ನೋಟೊ ಸೆರಿಫ್ ಕನ್ನಡ ಚೆನ್ನಾಗಿದೆ. ನನ್ನ ವಯಸ್ಸಿನ ಕಣ್ಣಿಗೆ ಒತ್ತುಗಳು ಸ್ಪಷ್ಟವಾಗಿ ಕಾಣುತ್ತವೆ.

ಹಂಚುವಾಗ ಯಾರಿಗೆ ಯಾವ ಅಧಿಕಾರ ಕೊಡಬೇಕೆಂಬುದನ್ನು ಯೋಚಿಸಬೇಕು. ಬರೀ ಓದುವವರು, ಟಿಪ್ಪಣಿ ಹಾಕುವವರು, ತಿದ್ದುವವರು ಎಂದು ಮೂರು ಹಂತಗಳಿವೆ. ನಡುವಿನ ಹಂತ ನನಗೆ ಬಹಳ ಮೆಚ್ಚುಗೆಯಾದದ್ದು. ಭಾವನವರು ‘ಕೈತಪ್ಪಿ ಏನಾದರೂ ಅಳಿಸಿಬಿಟ್ಟರೆ’ ಎಂದು ಹೆದರಿ ಕಡತವನ್ನು ತೆರೆಯುತ್ತಲೇ ಇರಲಿಲ್ಲ. ಟಿಪ್ಪಣಿಯ ಅಧಿಕಾರವನ್ನಷ್ಟೇ ಕೊಟ್ಟು, ‘ಭಾವ, ಇನ್ನು ನೀವು ಏನು ಒತ್ತಿದರೂ ಅಜ್ಜನ ಒಂದು ಅಕ್ಷರವೂ ಹೋಗುವುದಿಲ್ಲ’ ಎಂದು ಹೇಳಿದ ಮೇಲೆ ಅವರು ಒಂದೇ ರಾತ್ರಿಯಲ್ಲಿ ಇಪ್ಪತ್ತಾರು ಕಡೆ ಬರೆದರು. ಇಲ್ಲಿ ತ್ರಿವುಡೆ ತಾಳ ಎಂದಿದೆ, ಈ ಮಟ್ಟಿಗೆ ಝಂಪೆ ತಾಳ ಸರಿ. ಇಲ್ಲಿ ರಾಗದ ಹೆಸರು ಬಿಟ್ಟುಹೋಗಿದೆ, ಸನ್ನಿವೇಶ ನೋಡಿದರೆ ಸಾವೇರಿ ಇರಬೇಕು. ಎಲ್ಲವನ್ನೂ ಮೊಬೈಲಿನಲ್ಲೇ ಬರೆದದ್ದು. ಕೊಂಡಿಯನ್ನು ಮಾತ್ರ ಎಲ್ಲರಿಗೂ ತೆರೆದಿಡಬೇಡಿ; ಲಾಗಿನ್ ಆಗದೆ ಬಂದವರ ಟಿಪ್ಪಣಿಗೆ ಹೆಸರಿರುವುದಿಲ್ಲ. ಪಠ್ಯ ಸಂಪಾದನೆಯಲ್ಲಿ ಯಾರು ಹೇಳಿದರು ಎಂಬುದೂ ಆಧಾರದ ಒಂದು ಭಾಗ. ಮಿಂಚಂಚೆಯ ವಿಳಾಸ ಹಾಕಿ ಒಬ್ಬೊಬ್ಬರಿಗೇ ಕೊಡುವುದು ಒಳ್ಳೆಯದು. ಟಿಪ್ಪಣಿಯಲ್ಲಿ @ ಚಿಹ್ನೆಯ ಮುಂದೆ ಆ ವಿಳಾಸ ಬರೆದರೆ ಅವರಿಗೆ ಪತ್ರ ಹೋಗುತ್ತದೆ, ಆ ಪ್ರಶ್ನೆಯನ್ನು ಅವರ ಪಾಲಿಗೇ ವಹಿಸಲೂಬಹುದು.

ಎಚ್ಚರ ವಹಿಸಬೇಕಾದದ್ದು ಸರಿ ಗುರುತಿನ ವಿಷಯದಲ್ಲಿ. ಪ್ರತಿ ಟಿಪ್ಪಣಿಯ ಮೇಲೆ ಇರುವ ಆ ಗುರುತನ್ನು ಒತ್ತಿದರೆ ಚರ್ಚೆ ಮುಗಿಯಿತೆಂದು ಅರ್ಥ, ಟಿಪ್ಪಣಿ ಅಂಚಿನಿಂದ ಮರೆಯಾಗುತ್ತದೆ. ನಮ್ಮಲ್ಲಿ ಒಬ್ಬರು ಅದನ್ನು ‘ಓದಿದ್ದೇನೆ’ ಎಂಬ ಅರ್ಥದಲ್ಲಿ ಒತ್ತುತ್ತಾ ಹೋದರು. ಬೆಳಿಗ್ಗೆ ನೋಡಿದಾಗ ಹತ್ತೊಂಬತ್ತು ಸಂದೇಹಗಳು ಕಾಣೆ. ನನಗೆ ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಮೇಲ್ಭಾಗದ ಟಿಪ್ಪಣಿಯ ಚಿತ್ರವನ್ನು ಒತ್ತಿದರೆ ಮುಗಿದವೂ ಸೇರಿದಂತೆ ಎಲ್ಲವೂ ಒಂದು ಪಟ್ಟಿಯಾಗಿ ತೆರೆದುಕೊಳ್ಳುತ್ತವೆ, ಅಲ್ಲಿಂದಲೇ ಮತ್ತೆ ತೆರೆಯಬಹುದು. ಹತ್ತೊಂಬತ್ತನ್ನೂ ತೆರೆದೆವು. ಅಂದಿನಿಂದ ಪ್ರಶ್ನೆ ಎತ್ತಿದವರೇ ಅದನ್ನು ಮುಚ್ಚಬೇಕೆಂಬ ನಿಯಮ ಮಾಡಿಕೊಂಡೆವು. ಇನ್ನೊಂದು ಮಿತಿ: ಟಿಪ್ಪಣಿ ಅಂಟಿಕೊಂಡ ಪದವನ್ನೇ ಪೂರ್ತಿ ಅಳಿಸಿದರೆ ಟಿಪ್ಪಣಿಗೂ ಪುಟದಲ್ಲಿ ನೆಲೆ ತಪ್ಪುತ್ತದೆ. ದೊಡ್ಡ ಚರ್ಚೆ ನಡೆದಿರುವ ಪದವನ್ನು ಬದಲಿಸುವ ಮೊದಲು ಚರ್ಚೆಯ ಸಾರವನ್ನು ಅಡಿಟಿಪ್ಪಣಿಗೆ ಇಳಿಸಿಕೊಳ್ಳಬೇಕು.

ಹಾಡಿ ತೋರಿಸಬೇಕಾದಲ್ಲಿ ಈ ಸಾಧನ ನೆರವಾಗುವುದಿಲ್ಲ. ಭಾವನವರು ಒಂದು ಮಟ್ಟನ್ನು ಅಕ್ಷರದಲ್ಲಿ ವಿವರಿಸಲು ಹೊರಟು ಮೂರು ಸಾಲಿಗೆ ನಿಲ್ಲಿಸಿದರು. ಧ್ವನಿಮುದ್ರಿಕೆಗಳನ್ನೂ ಹಸ್ತಪ್ರತಿಯ ಪುಟಗಳ ಫೋಟೊಗಳನ್ನೂ ಗೂಗಲ್ ಡ್ರೈವ್‌ನಲ್ಲಿ ಇಟ್ಟು, ಅವುಗಳ ಕೊಂಡಿಯನ್ನು ಟಿಪ್ಪಣಿಯೊಳಗೆ ಅಂಟಿಸುತ್ತಿದ್ದೇವೆ. ಉಚಿತ ಖಾತೆಯಲ್ಲಿ ಸಿಗುವುದು 15 ಜಿಬಿ, ಅದರಲ್ಲಿ ನಿಮ್ಮ ಮಿಂಚಂಚೆಯೂ ಫೋಟೊಗಳೂ ಸೇರಿವೆ. ಅಕ್ಷರಕ್ಕೆ ಆ ಜಾಗ ಧಾರಾಳ. ಹಸ್ತಪ್ರತಿಯ ದೊಡ್ಡ ಫೋಟೊಗಳಿದ್ದರೆ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಹಣ ಕೊಡದೆ ಸಿಗುವ ಸೌಲಭ್ಯವಾದರೂ ಇದಕ್ಕಾಗಿ ಹಣ ಕೊಡಲು ನಾನು ಸಿದ್ಧನಿದ್ದೆ. ಪದ್ಯಗಳ ಕೆಲಸ ಮುಗಿದಿದೆ. ತೆರೆದೇ ಉಳಿದ ಟಿಪ್ಪಣಿಗಳು ಹನ್ನೊಂದು. ಅವುಗಳಲ್ಲಿ ನಾಲ್ಕು, ಹುಳು ತಿಂದ ಜಾಗದಲ್ಲಿ ಯಾವ ಪದವಿತ್ತು ಎಂಬ ಬಗ್ಗೆ. ಭಾವನವರು ಆ ಪುಟಗಳನ್ನು ಹಿಡಿದುಕೊಂಡು ಮುಂದಿನ ವಾರ ಗುಣವಂತೆಯ ಕಡೆಯ, ತಾಳಮದ್ದಲೆಯಲ್ಲಿ ಪಾತ್ರದ ಮಾತು ಹೇಳುವ ಹಿರಿಯ ಅರ್ಥಧಾರಿಯೊಬ್ಬರ ಮನೆಗೆ ಹೋಗುತ್ತಾರೆ. ಅಲ್ಲಿಂದಲೇ ಮೊಬೈಲಿನಲ್ಲಿ ಉತ್ತರ ಬರೆಯುವುದಾಗಿ ಹೇಳಿದ್ದಾರೆ. ಅದಾದ ಮೇಲೆ ಕಡತವನ್ನು ವರ್ಡ್ ರೂಪದಲ್ಲಿ ಇಳಿಸಿಕೊಂಡು ಇಡುತ್ತೇನೆ, ಆ ರೂಪದಲ್ಲಿ ಟಿಪ್ಪಣಿಗಳೂ ಜೊತೆಗೇ ಬರುತ್ತವೆ. ಮುದ್ರಣಾಲಯಕ್ಕೆ ಹೋಗುವುದು ಟಿಪ್ಪಣಿ ತೆಗೆದ ಬೇರೊಂದು ಪ್ರತಿ.