ಸೀಸನ್ನಿನ ಕೊನೆಯ ಕಂತು: ಸೆವೆರೆನ್ಸ್, ಆ್ಯಂಡೋರ್, ಡಾರ್ಕ್

ವೈಜ್ಞಾನಿಕ ಕಥೆಯ ಟಿವಿ ಸರಣಿಗಳ ವಿಷಯ ಬಂದಾಗಲೆಲ್ಲ ಉಡುಪಿಯ ನಮ್ಮ ಗೆಳೆಯರ ಬಳಗದಲ್ಲಿ ಒಂದೇ ಚರ್ಚೆ ನಡೆಯುತ್ತದೆ: ಯಾವ ಸೀಸನ್ನಿನ ಕೊನೆಯ ಕಂತು ಎಲ್ಲಕ್ಕಿಂತ ಮೇಲು? ಕೆಲವರು ‘ಸೆವೆರೆನ್ಸ್’ನ ಮೊದಲ ಸೀಸನ್ನಿನದ್ದು ಎನ್ನುತ್ತಾರೆ, ಕೆಲವರು ‘ಆ್ಯಂಡೋರ್’ನ ಮೊದಲನೆಯದ್ದು ಎನ್ನುತ್ತಾರೆ, ಜರ್ಮನ್ ಸರಣಿ ‘ಡಾರ್ಕ್’ನ ಎರಡನೆಯ ಸೀಸನ್ನಿನ ಪರ ವಾದಿಸುವವರೂ ಇದ್ದಾರೆ. ಈ ಮಳೆಗಾಲದಲ್ಲಿ ಮೂರನ್ನೂ ಮತ್ತೆ ನೋಡಿದೆ. ರಾತ್ರಿ ಒಬ್ಬಳೇ ಹೆಡ್‌ಫೋನ್ ಹಾಕಿಕೊಂಡು ನೋಡಿದೆ, ಮನೆಯವರೊಂದಿಗೆ ಹಾಲ್‌ನ ಟಿವಿಯಲ್ಲಿ ನೋಡಿದೆ, ಹಿಂದಿನ ಕಂತುಗಳ ಪರಿಚಯವೇ ಇಲ್ಲದವರಿಗೂ ತೋರಿಸಿದೆ. ನನ್ನ ಮತ ಸೆವೆರೆನ್ಸ್‌ಗೆ. ಅದಕ್ಕೆ ಕಾರಣ ಹೇಳಬೇಕಾದರೆ ಕಥೆಯನ್ನು ಪೂರ್ತಿ ಬಿಚ್ಚಿಡಬೇಕಾಗುತ್ತದೆ. ಇನ್ನೂ ನೋಡದವರು ನೋಡಿದ ಮೇಲೆಯೇ ಮುಂದೆ ಓದುವುದು ಒಳ್ಳೆಯದು.

ಸೆವೆರೆನ್ಸ್‌ನಲ್ಲಿ ಲೂಮನ್ ಎಂಬ ಕಂಪನಿಯ ಕೆಲವು ನೌಕರರು ಮಿದುಳಿನೊಳಗೆ ಚಿಪ್ ಹಾಕಿಸಿಕೊಂಡಿರುತ್ತಾರೆ. ಆಫೀಸಿನೊಳಗಿನ ಮನುಷ್ಯನಿಗೆ ತನ್ನ ಮನೆ ಗೊತ್ತಿಲ್ಲ, ಮನೆಯಲ್ಲಿರುವವನಿಗೆ ತನ್ನ ಕೆಲಸ ಗೊತ್ತಿಲ್ಲ. 2022ರ ಫೆಬ್ರವರಿ 18ರಂದು ಆರಂಭವಾದ ಒಂಬತ್ತು ಕಂತುಗಳ ಈ ಸೀಸನ್ ಏಪ್ರಿಲ್ 8ರಂದು ಮುಗಿಯಿತು. ಕೊನೆಯ ಕಂತಿನಲ್ಲಿ ಇಂಥ ನೌಕರರಲ್ಲೊಬ್ಬನಾದ ಡಿಲನ್ ರಾತ್ರಿ ಆಫೀಸಿನಲ್ಲೇ ಉಳಿದು, ಒಬ್ಬ ಮನುಷ್ಯನ ಎರಡು ಕೈಗಳಿಗೆ ಎಟುಕಿಯೂ ಎಟುಕದಷ್ಟು ದೂರದಲ್ಲಿರುವ ಎರಡು ಸ್ವಿಚ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿದಿರುತ್ತಾನೆ. ಅವನು ಹಿಡಿದಿರುವಷ್ಟು ಹೊತ್ತು ಅವನ ಸಹೋದ್ಯೋಗಿಗಳಾದ ಮಾರ್ಕ್, ಹೆಲಿ, ಇರ್ವಿಂಗ್ ಮೂವರ ಆಫೀಸಿನ ಮನಸ್ಸು ಹೊರಜಗತ್ತಿನಲ್ಲಿ ಎಚ್ಚರವಾಗಿರುತ್ತದೆ. ಇಡೀ ಕಂತಿಗೆ ಬೇರೆ ಗಡಿಯಾರವೇ ಬೇಕಾಗಿಲ್ಲ; ಡಿಲನ್‌ನ ಚಾಚಿದ ತೋಳುಗಳೇ ಸಾಕು. ಬಾಗಿಲಿನ ಆಚೆ ನಿಂತ ಮೇಲ್ವಿಚಾರಕ ಮಿಲ್ಚಿಕ್ ಮೊದಲು ಸವಲತ್ತುಗಳ ಆಸೆ ತೋರಿಸುತ್ತಾನೆ, ಆಮೇಲೆ ಅವನ ಮಕ್ಕಳ ವಿಷಯವನ್ನೇ ಎತ್ತುತ್ತಾನೆ. ಡಿಲನ್ ಕೈ ಬಿಡುವುದಿಲ್ಲ.

ಇದರಲ್ಲಿ ನಾನು ಮೆಚ್ಚಿದ ಜಾಣ್ಮೆ ಮತ್ತೊಂದಿದೆ. ಸತ್ತುಹೋದಳೆಂದು ಮಾರ್ಕ್ ದುಃಖಿಸುತ್ತಿರುವ ಹೆಂಡತಿ ಗೆಮ್ಮಾ ಆಫೀಸಿನೊಳಗೇ ಇದ್ದಾಳೆ ಎಂಬುದು ನಮಗೆ ಮೊದಲೇ ಗೊತ್ತು, ಅವನಿಗೆ ಗೊತ್ತಿಲ್ಲ. ಆದ್ದರಿಂದ ಅವನು ಸೋದರಿಯ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಹೋಗುವಾಗ ‘ಇನ್ನೊಂದು ಹೆಜ್ಜೆ ಮುಂದಿಡು’ ಎಂದು ನಾವು ಒಳಗೊಳಗೇ ಕೂಗಿಕೊಳ್ಳುತ್ತೇವೆ. ಹೆಲಿ ಯಾರೆಂಬುದಾದರೋ ನಮಗೂ ಅವಳಿಗೂ ಒಟ್ಟಿಗೇ ತಿಳಿಯುತ್ತದೆ: ಅವಳನ್ನು ಹಿಂಸಿಸುತ್ತಿರುವ ಕಂಪನಿಯ ಒಡೆಯರ ಮಗಳೇ ಅವಳು. ಒಂದೇ ಕಂತಿನಲ್ಲಿ ಈ ಎರಡು ಬಗೆಯ ಕುತೂಹಲ ಕೈಕೈ ಹಿಡಿದು ನಡೆಯುವುದನ್ನು ನಾನು ಬೇರೆಲ್ಲೂ ಇಷ್ಟು ಚೆನ್ನಾಗಿ ಕಂಡಿಲ್ಲ. ಪಕ್ಕದ ಮನೆಯ ಹೆಂಗಸಾಗಿ ನಟಿಸುತ್ತಿರುವ ಮೇಲಧಿಕಾರಿಯನ್ನು ಮಾರ್ಕ್ ಬಾಯಿತಪ್ಪಿ ‘ಮಿಸ್ ಕೋಬೆಲ್’ ಎಂದುಬಿಡುವ ಕ್ಷಣದಲ್ಲಿ ಆಕೆಯ ಮುಖವನ್ನು ನೋಡಿ. ಕಣ್ಣು ಒಂದಿಷ್ಟು ನಿಲ್ಲುತ್ತದೆ, ಅಷ್ಟರಲ್ಲೇ ಎಲ್ಲವೂ ಅರ್ಥವಾಗಿರುತ್ತದೆ. ಕೊನೆಗೆ ಗೆಮ್ಮಾಳ ಫೋಟೊ ಹಿಡಿದು ‘ಅವಳು ಬದುಕಿದ್ದಾಳೆ!’ ಎಂದು ಮಾರ್ಕ್ ಕೂಗುವುದಕ್ಕೂ ಮಿಲ್ಚಿಕ್ ಡಿಲನ್‌ನನ್ನು ಕೆಡಹುವುದಕ್ಕೂ ಸರಿಹೋಗಿ ಪರದೆ ಕಪ್ಪಾಗುತ್ತದೆ. ಎರಡನೆಯ ಸೀಸನ್ ಬಂದದ್ದು 2025ರ ಜನವರಿ 17ರಂದು. ಸುಮಾರು ಮೂರು ವರ್ಷ ಆ ಒಂದು ಕೂಗನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಾದೆವು.

ಆದರೆ ಸರಣಿಯನ್ನೇ ನೋಡಿರದ ಗೆಳತಿಯೊಬ್ಬಳಿಗೆ ಈ ಕಂತೊಂದನ್ನೇ ತೋರಿಸಿದಾಗ ಅವಳಿಗೆ ಏನೂ ತಟ್ಟಲಿಲ್ಲ. ರಾತ್ರಿಯಿಡೀ ಮಲಗಿದ್ದು, ಬೆಳಗಿನ ಜಾವದ ಯುದ್ಧದ ಹೊತ್ತಿಗೆ ಎದ್ದು ಬಯಲಾಟಕ್ಕೆ ಬಂದವರ ಹಾಗೆ ಅವಳು ಕುಣಿತವನ್ನು ಕಂಡಳು, ಯಾರು ಯಾರ ಮೇಲೆ ಏಕೆ ಬಾಣ ಬಿಟ್ಟರೆಂಬುದು ಮಾತ್ರ ತಿಳಿಯಲಿಲ್ಲ. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಎಂಟು ಕಂತುಗಳಲ್ಲಿ ಕೂಡಿಟ್ಟದ್ದನ್ನು ಒಂಬತ್ತನೆಯದು ಖರ್ಚು ಮಾಡಬೇಕಾದದ್ದೇ.

ಈ ಪರೀಕ್ಷೆಯಲ್ಲಿ ಗೆದ್ದದ್ದು ಆ್ಯಂಡೋರ್. ಸ್ಟಾರ್ ವಾರ್ಸ್ ಲೋಕದ ಈ ಸರಣಿಯ ಮೊದಲ ಸೀಸನ್ನಿನ ಹನ್ನೆರಡನೆಯ ಕಂತು 2022ರ ನವೆಂಬರ್ 23ರಂದು ಬಂತು. ಫೆರಿಕ್ಸ್ ಎಂಬ ಗ್ರಹದ ಊರೊಂದರಲ್ಲಿ ಮಾರ್ವಾ ಎಂಬ ಮುದುಕಿ ತೀರಿಕೊಂಡಿದ್ದಾಳೆ. ಅವಳ ಸಾಕುಮಗ ಕ್ಯಾಸಿಯನ್ ಬಂದೇ ಬರುತ್ತಾನೆ, ಬಂದರೆ ಹಿಡಿಯಬಹುದು ಎಂಬ ಲೆಕ್ಕದಲ್ಲಿ ಸಾಮ್ರಾಜ್ಯದ ಅಧಿಕಾರಿಗಳು ಶವಯಾತ್ರೆಗೆ ಒಪ್ಪಿಗೆ ಕೊಟ್ಟಿದ್ದಾರೆ. ಊರಿನವರು ಗೊತ್ತಾದ ಹೊತ್ತಿಗೆ ಮೊದಲೇ ಬ್ಯಾಂಡ್ ಬಾರಿಸುತ್ತ ಬೀದಿಗಿಳಿಯುತ್ತಾರೆ. ಅಲ್ಲಿ ಸತ್ತವರ ಬೂದಿಯಿಂದ ಇಟ್ಟಿಗೆ ಮಾಡುವ ಪದ್ಧತಿ. ಮಾರ್ವಾಳ ಇಟ್ಟಿಗೆಯನ್ನು ಕ್ಯಾಸಿಯನ್‌ನ ಗೆಳೆಯ ಬ್ರಾಸೊ ಎದೆಗವಚಿಕೊಂಡು ನಡೆಯುತ್ತಾನೆ. ಪುಟ್ಟ ರೋಬಾಟ್ ಮೂಡಿಸುವ ಬೆಳಕಿನ ಬಿಂಬದಲ್ಲಿ ಮುದುಕಿಯೇ ಎದ್ದು ನಿಂತು, ‘ನಾವೆಲ್ಲ ನಿದ್ದೆ ಮಾಡಿಬಿಟ್ಟೆವು’ ಎಂಬ ಅರ್ಥದ ಮಾತಾಡಿ, ಹೋರಾಡಿ ಎನ್ನುತ್ತಾಳೆ. ಅಧಿಕಾರಿಯೊಬ್ಬ ಆ ರೋಬಾಟನ್ನು ಕೆಡವಿದೊಡನೆ ಬೀದಿ ಸಿಡಿಯುತ್ತದೆ, ಬ್ರಾಸೊ ಅದೇ ಇಟ್ಟಿಗೆಯಿಂದ ಸೈನಿಕನಿಗೆ ಬಾರಿಸುತ್ತಾನೆ. ಸತ್ತ ಮೇಲೂ ಮಾರ್ವಾ ಒಂದು ಏಟು ಕೊಟ್ಟೇ ಹೋಗುತ್ತಾಳೆ.

ಇಂಗ್ಲಿಷ್ ತಿಳಿಯದ ನನ್ನ ಚಿಕ್ಕಮ್ಮ ಅಂದು ಸಂಜೆ ಮಲ್ಲಿಗೆ ಕಟ್ಟುತ್ತ ಪಕ್ಕದಲ್ಲೇ ಕೂತಿದ್ದರು. ಮೆರವಣಿಗೆಯ ಹೊತ್ತಿಗೆ ಅವರ ಕೈ ನಿಂತಿತು.

“ಇವರೆಲ್ಲ ಅವಳ ಮನೆಯವರಾ?” ಎಂದು ಕೇಳಿದರು.

“ಅಲ್ಲ ಚಿಕ್ಕಮ್ಮ, ಊರಿನವರು.”

“ಹಾಗಾದರೆ ಒಳ್ಳೆಯ ಹೆಂಗಸು ಅವಳು” ಎಂದು ಹೇಳಿ ಕಂತು ಮುಗಿಯುವವರೆಗೂ ಎದ್ದು ಹೋಗಲಿಲ್ಲ.

ಮಳೆಯ ಪರೀಕ್ಷೆಯಲ್ಲೂ ಆ್ಯಂಡೋರ್‌ನದ್ದೇ ಮೇಲುಗೈ. ಆಷಾಢದ ಮಳೆ ಶೀಟಿನ ಮಾಡಿನ ಮೇಲೆ ಸುರಿಯುವಾಗ ಸೆವೆರೆನ್ಸ್‌ನ ಪಿಸುಮಾತುಗಳು ಹಾಲ್‌ನಲ್ಲಿ ಕೇಳಿಸುವುದೇ ಇಲ್ಲ, ಹೆಡ್‌ಫೋನ್ ಬೇಕೇ ಬೇಕು. ಫೆರಿಕ್ಸ್‌ನ ಬ್ಯಾಂಡು ಮಾತ್ರ ಮಳೆಯನ್ನೂ ಮೀರಿ ಬರುತ್ತದೆ. ನಾಲ್ಕು ಜನ ಕೂತು ನೋಡುವುದಾದರೆ ನಾನು ಅನುಮಾನವಿಲ್ಲದೆ ಆ್ಯಂಡೋರ್ ಹಾಕುತ್ತೇನೆ. ಹಾಗಿದ್ದೂ ಅದನ್ನು ಎರಡನೆಯ ಸ್ಥಾನದಲ್ಲಿಡುವುದು ಏಕೆಂದರೆ ಅಲ್ಲಿ ನಾಯಕನೇ ಅಂಚಿಗೆ ಸರಿದಿದ್ದಾನೆ. ಬೀದಿಯಲ್ಲಿ ಊರು ಹೊತ್ತಿ ಉರಿಯುವಾಗ ಕ್ಯಾಸಿಯನ್ ಸೆರೆಯಲ್ಲಿರುವ ಗೆಳತಿ ಬಿಕ್ಸ್‌ಳನ್ನು ಬಿಡಿಸಿಕೊಂಡು ಬರುವ ಕೆಲಸದಲ್ಲಿರುತ್ತಾನೆ. ಕೊನೆಗೆ ತನ್ನನ್ನು ಕೊಲ್ಲಿಸಲು ಬಂದಿದ್ದ ಬಂಡಾಯದ ಮುಂದಾಳು ಲೂಥೆನ್‌ನ ಎದುರು ನಿಂತು, ಕೊಲ್ಲು ಇಲ್ಲವೇ ಸೇರಿಸಿಕೋ ಎನ್ನುವ ನಿರ್ಧಾರಕ್ಕೆ ಅವನು ಬಂದ ದಾರಿಯನ್ನು ನಾವು ಹೆಚ್ಚು ಕಾಣುವುದಿಲ್ಲ.

ಡಾರ್ಕ್‌ನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಕಾಲಯಾನದ ಕಥೆ. 2019ರ ಜೂನ್ 21ರಂದು ಬಂದ ಎರಡನೆಯ ಸೀಸನ್ನಿನ ಕೊನೆಯಲ್ಲಿ ನಾಯಕ ಯೋನಾಸ್‌ನ ಕಣ್ಣೆದುರೇ, ಮುಪ್ಪಿನಲ್ಲಿ ಅವನೇ ಆಗಲಿರುವ ಆ್ಯಡಮ್ ಯೋನಾಸ್ ಪ್ರೀತಿಸುವ ಮಾರ್ಥಾಳನ್ನು ಕೊಲ್ಲುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಬೇರೊಂದು ಲೋಕದಿಂದ ಅದೇ ಮುಖದ ಮಾರ್ಥಾ ಬಂದು ನಿಲ್ಲುತ್ತಾಳೆ. ಮೊದಲ ಸಲ ನನಗೆ ಮೈ ಜುಮ್ಮೆಂದಿತ್ತು. ಈ ಸಲ ನೋಡುವಾಗ, ಒಂದು ಸಾವಿನ ದುಃಖಕ್ಕೆ ಉಸಿರಾಡಲೂ ಬಿಡದೆ ಅದರ ಮೇಲೆ ಹೊಸ ಒಗಟೊಂದನ್ನು ಹೇರಿದ್ದಾರೆ ಅನ್ನಿಸಿತು. ಇದನ್ನು ನೋಡುವವರು ಜರ್ಮನ್ ಧ್ವನಿಯಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಬೇಕು. ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಯೋನಾಸ್‌ನ ಅಳು ಬೇರೆ ಯಾರದೋ ಅಳುವಾಗಿಬಿಡುತ್ತದೆ. ಕಥೆಯಲ್ಲಿ ಜಗತ್ತು ಮುಳುಗುವ ದಿನವಾದ 2020ರ ಜೂನ್ 27ರಂದೇ ಮೂರನೆಯ ಸೀಸನ್ ಬಿಡುಗಡೆ ಮಾಡಿದ್ದು ಮಾತ್ರ ಅಭಿಮಾನಿಗಳಿಗೆ ಮರೆಯಲಾಗದ ಉಡುಗೊರೆ.

ಸೆವೆರೆನ್ಸ್‌ನ ಎರಡನೆಯ ಸೀಸನ್ನಿನ ಕೊನೆಯ ಕಂತೇ ಮೊದಲನೆಯದನ್ನು ಮೀರಿಸಿದೆ ಎನ್ನುವ ಗೆಳೆಯರೂ ಇದ್ದಾರೆ. 2025ರ ಮಾರ್ಚ್ 21ರಂದು ಬಂದ ಆ ಕಂತು ಒಂದು ಗಂಟೆಗೂ ಮೀರಿದ್ದು. ಒಳಗಿನ ಮಾರ್ಕ್ ಮತ್ತು ಹೊರಗಿನ ಮಾರ್ಕ್ ಕ್ಯಾಮರಾದಲ್ಲಿ ಮಾತು ರೆಕಾರ್ಡ್ ಮಾಡಿಟ್ಟು, ಒಬ್ಬರಿಗೊಬ್ಬರು ಉತ್ತರಿಸುತ್ತ ಮೆಲ್ಲಮೆಲ್ಲಗೆ ಜಗಳಕ್ಕಿಳಿಯುವ ದೃಶ್ಯವೊಂದನ್ನು ನಾನು ಯಾವ ತಕ್ಕಡಿಯಲ್ಲಿಟ್ಟರೂ ಮೇಲೆಂದೇ ಒಪ್ಪುತ್ತೇನೆ. ಆದರೆ ಆಮೇಲೆ ವಾದ್ಯಮೇಳ, ಮೇಕೆ, ಹೊಡೆದಾಟ ಎಂದು ಕಂತು ಹತ್ತು ಕಡೆ ಹರಡಿಕೊಳ್ಳುತ್ತದೆ. ಮೊದಲ ಸೀಸನ್ನಿನ ಕೊನೆಗೆ ಎರಡು ಸ್ವಿಚ್ ಮತ್ತು ಒಂದು ಫೋಟೊ ಸಾಕಾಗಿತ್ತು.