ಎದೆಯ ನೀರು ತೆಗೆಸುತ್ತಿದ್ದೀರಾ? ಮೊದಲು ಇದನ್ನು ಓದಿ

ಕ್ಯಾನ್ಸರ್ ಮುಂದುವರಿದವರಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬುವುದು ಅಪರೂಪವಲ್ಲ. ಶ್ವಾಸಕೋಶದ ಕ್ಯಾನ್ಸರ್, ಸ್ತನ ಕ್ಯಾನ್ಸರ್ ಇದ್ದವರಲ್ಲಂತೂ ಜಾಸ್ತಿ. ಸೂಜಿ ಹಾಕಿ ನೀರು ತೆಗೆದರೆ ಉಸಿರು ಹಗುರಾಗುತ್ತದೆ, ಅದು ನಿಜ. ನನ್ನ ತಕರಾರು ಇರುವುದು ನನ್ನ ದೊಡ್ಡಮ್ಮನಿಗೆ ಅದನ್ನು ಮಾಡಿದ ರೀತಿಯ ಮೇಲೆ.

ನೀರು ಎಲ್ಲಿದೆ ಅಂತ ತೋರಿಸುವ ಅಲ್ಟ್ರಾಸೌಂಡ್ ಸ್ಕ್ಯಾನ್ ಯಂತ್ರ ವಾರ್ಡಿನ ಮೂಲೆಯಲ್ಲೇ ಇತ್ತು, ಯಾರೂ ತರಲಿಲ್ಲ. ಬೆನ್ನು ತಟ್ಟಿ ನೋಡಿ ಪೆನ್ನಲ್ಲಿ ಗುರುತು ಹಾಕಿದರು. ಒರಗಿಕೊಳ್ಳಲು ಮೇಜಿಲ್ಲ, ದಿಂಬಿಲ್ಲ. ದೊಡ್ಡಮ್ಮ ಮಂಚದ ಅಂಚಿನಲ್ಲಿ ತಮ್ಮ ಮಂಡಿಯನ್ನೇ ಹಿಡಿದುಕೊಂಡು ಕೂತಿದ್ದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಬೆನ್ನಿಗೇ ದಪ್ಪ ಸೂಜಿ ಒಳಗೆ ಹೋಯಿತು. ಆ ಔಷಧಿ ಹಿಡಿಯಲು ಕೆಲವು ನಿಮಿಷ ಬೇಕು. ಚರ್ಮವಷ್ಟೇ ಮರಗಟ್ಟಿದರೂ ಸಾಲದು. ಪಕ್ಕೆಲುಬಿನ ಒಳಬದಿಯ ತೆಳು ಪದರ ಇದೆಯಲ್ಲ, ನೋವು ಜೋರಾಗಿ ಗೊತ್ತಾಗುವುದೇ ಅಲ್ಲಿ. ಮದ್ದು ಅಲ್ಲಿವರೆಗೂ ಹೋಗಬೇಕು.

ಆಮೇಲೆ ನೀರು ರಭಸದಿಂದ ಇಳಿಯತೊಡಗಿತು. ಸ್ವಲ್ಪ ಹೊತ್ತಿಗೆ ಕೆಮ್ಮು ಶುರುವಾಯಿತು. ಎದೆ ಹಿಡಿದ ಹಾಗಾಗ್ತಿದೆ ಅಂದರು. 'ಸ್ವಲ್ಪ ತಡ್ಕೊಳ್ಳಿ, ಮುಗೀತಾ ಬಂತು' ಅನ್ನುವ ಉತ್ತರ ಬಂತು. ಇದು ತಡೆದುಕೊಳ್ಳುವ ವಿಷಯವೇ ಅಲ್ಲ! ಕೆಮ್ಮು, ಎದೆ ಬಿಗಿತ, ನೋವು ಬಂದರೆ ನೀರು ತೆಗೆಯುವುದನ್ನು ನಿಲ್ಲಿಸಬೇಕು. ಬಹಳ ದಿನ ಮುದುಡಿದ್ದ ಶ್ವಾಸಕೋಶ ಒಮ್ಮೆಲೇ ಹಿಗ್ಗಿದರೆ ಅದರೊಳಗೇ ನೀರು ಸೇರಿಕೊಂಡು ಉಸಿರಾಟ ಇನ್ನೂ ಕೆಡಬಹುದು. ಹೀಗಾಗುವುದು ಕಡಿಮೆ, ಆದರೆ ಆಯಿತೆಂದರೆ ಜೀವಕ್ಕೇ ಅಪಾಯ. ಒಂದು ಸಲಕ್ಕೆ ಸುಮಾರು 1.5 ಲೀಟರ್‌ಗಿಂತ ಜಾಸ್ತಿ ಸಾಮಾನ್ಯವಾಗಿ ತೆಗೆಯದಿರುವುದು ಇದಕ್ಕೇ. ದೊಡ್ಡಮ್ಮ ಅವತ್ತು ಪಾರಾದರು, ಆದರೆ ಸೂಜಿ ಅಂದರೆ ಕೈ ನಡುಗುವ ಹಾಗಾಯಿತು.

ನೀರು ಮತ್ತೆ ತುಂಬಿತು. ಈ ಕಾಯಿಲೆಯಲ್ಲಿ ಬಹಳಷ್ಟು ಜನಕ್ಕೆ ಹೀಗೇ ಆಗುತ್ತದೆ. ಮತ್ತೆ ಅದೇ ಸೂಜಿ, ಅದೇ ಗಡಿಬಿಡಿ. ಬೇರೆ ದಾರಿ ಇದೆ ಅಂತ ಅಲ್ಲಿ ಯಾರೂ ಬಾಯಿಬಿಡಲಿಲ್ಲ. ನನಗೆ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೆ.

ಬೇರೆ ಕಡೆಯ ನೋವು ಉಪಶಮನ ಡಾಕ್ಟರ್ ಕೂರಿಸಿಕೊಂಡು ವಿವರಿಸಿದರು. ಚರ್ಮದಡಿ ಹಾಯಿಸಿ ಎದೆಯೊಳಗೆ ಬಿಡುವ ಮೆತ್ತನೆಯ ನಳಿಕೆ ಒಂದಿದೆ. ಅದು ಅಲ್ಲೇ ಇರುತ್ತದೆ. ಮನೆಯವರು ಕಲಿತುಕೊಂಡು ದಿನವೋ, ದಿನ ಬಿಟ್ಟು ದಿನವೋ, ಉಸಿರು ಕಟ್ಟಿದಾಗಲೋ ಬಾಟಲಿ ಜೋಡಿಸಿ ಸ್ವಲ್ಪ ಸ್ವಲ್ಪ ತೆಗೆಯಬಹುದು. ಇನ್ನೊಂದು ದಾರಿ ಟಾಲ್ಕ್ ಪುಡಿ ಹಾಕಿ ಶ್ವಾಸಕೋಶದ ಹೊರಪದರವನ್ನೂ ಪಕ್ಕೆಲುಬಿನ ಒಳಬದಿಯ ಪದರವನ್ನೂ ಒಂದಕ್ಕೊಂದು ಅಂಟಿಸುವುದು, ನೀರು ನಿಲ್ಲಲು ಜಾಗವೇ ಇಲ್ಲದ ಹಾಗೆ. ಎರಡನ್ನೂ ಹೋಲಿಸಿ ನೋಡಿದ 2012ರ ಒಂದು ಅಧ್ಯಯನದಲ್ಲಿ ಉಸಿರಾಟದ ಆರಾಮದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಬರೀ ನಳಿಕೆಗಿಂತ ನಳಿಕೆಯ ಮೂಲಕವೇ ಟಾಲ್ಕ್ ಹಾಕಿದರೆ ನೀರು ತುಂಬುವುದು ನಿಲ್ಲುವ ಸಾಧ್ಯತೆ ಹೆಚ್ಚು ಅಂತ 2018ರಲ್ಲಿ ಗೊತ್ತಾಯಿತು. ಆದರೆ ನೀರು ತೆಗೆದರೂ ಶ್ವಾಸಕೋಶ ಪೂರ್ತಿ ಹಿಗ್ಗದಿದ್ದರೆ ಟಾಲ್ಕ್ ಹಿಡಿಯುವುದಿಲ್ಲ, ಆಗ ನಳಿಕೆಯೇ ಸರಿ. ನಮ್ಮದು ಅದೇ ಕಥೆ. ಈ ಸಲ ಸ್ಕ್ಯಾನ್ ನೋಡುತ್ತಲೇ ಜಾಗ ಗುರುತಿಸಿದರು, ಮದ್ದು ಹಿಡಿಯುವ ತನಕ ಕಾದರು.

ಹಾಗಾಗಿ ನಿಮ್ಮವರಿಗೆ ನೀರು ತೆಗೆಯುವಾಗ ಸುಮ್ನೆ ನಿಂತಿರಬೇಡಿ. ಸ್ಕ್ಯಾನ್ ನೋಡಿ ಮಾಡ್ತೀರಾ, ಮೊದಲೇ ನೋವಿನ ಮಾತ್ರೆ ಕೊಡಬಹುದಾ, ಕೆಮ್ಮಿದರೆ ನಿಲ್ಲಿಸ್ತೀರಾ ಅಂತ ಕೇಳಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ಹೇಳಿ. ಮತ್ತೆ ತುಂಬಿದರೆ ನಳಿಕೆಯ ಬಗ್ಗೆ ನೀವೇ ಮಾತು ತೆಗೆಯಿರಿ. ನೀರು ಇದ್ದೂ ಉಸಿರಿಗೆ ತೊಂದರೆ ಇಲ್ಲದಿದ್ದರೆ ತೆಗೆಸಲೇಬೇಕು ಅಂತೇನಿಲ್ಲ. ತೆಗೆದ ಮೇಲೂ ಏದುಸಿರು ಇಳಿಯದಿದ್ದರೆ ಕಾರಣ ಬೇರೆ ಇರಬಹುದು. ಅದಕ್ಕೆ ಕಡಿಮೆ ಪ್ರಮಾಣದ ಮಾರ್ಫಿನ್ ಕೂಡ ಕೊಡುತ್ತಾರೆ, ಕೇಳಲು ಹಿಂಜರಿಯಬೇಡಿ. ನಳಿಕೆ ಹಾಕಿಸಿದ ಮೇಲೆ ಜ್ವರ ಬಂದರೆ, ಸುತ್ತ ಕೆಂಪಾದರೆ, ನೀರು ಕೀವಿನಂತೆ ಕಂಡರೆ ಅವತ್ತೇ ಫೋನ್ ಮಾಡಿ.