ಕಾರ್ಟೋಗ್ರಾಮ್ ವಿಷಯದಲ್ಲಿ ನನ್ನ ಓಟು ವೃತ್ತಕ್ಕೆ

ಫ್ಲೆಕ್ಸ್ ಪ್ರಿಂಟ್ ಆಗಿ ಮನೆಗೆ ಬಂದ ದಿನವೇ ಗೊತ್ತಾಯಿತು, ದುಡ್ಡು ದಂಡ ಅಂತ. ಅಕ್ಕನ ಮಗಳ ಶಾಲೆಯ ವಸ್ತುಪ್ರದರ್ಶನಕ್ಕೆ ಕರ್ನಾಟಕದ ಕಾರ್ಟೋಗ್ರಾಮ್ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಜಿಲ್ಲೆಯ ಗಾತ್ರ ನೆಲದ ಅಳತೆಯ ಮೇಲಲ್ಲ, ಜನಸಂಖ್ಯೆಯ ಮೇಲೆ ನಿಲ್ಲುವ ನಕ್ಷೆ ಅದು. ಹುಡುಗಿ ಫ್ಲೆಕ್ಸ್ ಬಿಚ್ಚಿ ನೋಡಿ, "ಮಾಮ, ಬೆಂಗಳೂರು ಗ್ರಾಮಾಂತರ ಎಲ್ಲಿ?" ಎಂದಳು. ಇತ್ತು. ಆದರೆ ಬಳೆ ಚೂರಿನ ಹಾಗೆ ಸಣ್ಣಗೆ ಬಾಗಿತ್ತು. ಅದನ್ನು ಅವಳು ದಪ್ಪ ಗಡಿಗೆರೆ ಅಂದುಕೊಂಡಿದ್ದಳು.

ಆಮೇಲೆ ಇನ್ನೆರಡು ವಿಧಾನ ನೋಡಿದೆ. ವೃತ್ತಗಳ ಕಾರ್ಟೋಗ್ರಾಮ್ ನನಗೆ ಹಿಡಿಸಿತು. ಯಾಕೆ ಅಂತ ಹೇಳಬೇಕಾದರೆ ಆ ಫ್ಲೆಕ್ಸ್ ಕಥೆಯನ್ನೇ ಪೂರ್ತಿ ಹೇಳಬೇಕು.

ಮೂರಕ್ಕೂ ಬಳಸಿದ್ದು 2011ರ ಜನಗಣತಿಯ 30 ಜಿಲ್ಲೆಗಳ ಅಂಕಿ. ವಿಜಯನಗರ ಆಮೇಲೆ ಹುಟ್ಟಿದ ಜಿಲ್ಲೆ, ಅದು ಬಳ್ಳಾರಿಯೊಳಗೇ ಉಳಿಯಿತು.

ಮೊದಲು ಮಾಡಿದ್ದು ರಬ್ಬರ್ ಶೀಟ್ ವಿಧಾನ. ಡೌಗೆನಿಕ್, ಕ್ರಿಸ್‌ಮನ್, ನೀಮೆಯರ್ ಎಂಬ ಮೂವರು 1985ರಲ್ಲಿ ಪ್ರಕಟಿಸಿದ್ದು. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ಗೆ ಒಂದು ಪ್ಲಗಿನ್ ಸೇರಿಸಿಕೊಂಡರೆ ಸಾಕು, ಕೋಡ್ ಬರೆಯಬೇಕಿಲ್ಲ. ಪ್ರತಿ ಜಿಲ್ಲೆಯ ನಡುವಿನಿಂದ ಒಂದು ಬಲ ಹೊರಡುತ್ತದೆ ಅಂದುಕೊಳ್ಳಿ. ನೆಲದ ಪಾಲಿಗಿಂತ ಜನರ ಪಾಲು ಜಾಸ್ತಿ ಇದ್ದರೆ ಅದು ಸುತ್ತಲಿನ ಗಡಿಬಿಂದುಗಳನ್ನು ಹೊರಕ್ಕೆ ತಳ್ಳುತ್ತದೆ, ಕಡಿಮೆ ಇದ್ದರೆ ಒಳಕ್ಕೆ ಎಳೆಯುತ್ತದೆ. ಒಂದೇ ಸಲಕ್ಕೆ ಸರಿಹೋಗುವುದಿಲ್ಲ, ಹತ್ತು ಹದಿನೈದು ಸುತ್ತು ಓಡಿಸಬೇಕು.

ಕರ್ನಾಟಕದಲ್ಲಿ ಇದಕ್ಕೆ ಅಡ್ಡ ಬರುವುದು ಬೆಂಗಳೂರು. ನಗರ ಜಿಲ್ಲೆಯಲ್ಲಿ 96,21,551 ಜನ. ರಾಜ್ಯದ 6.11 ಕೋಟಿಯಲ್ಲಿ ಹೆಚ್ಚುಕಡಿಮೆ ಶೇ 16. ನೆಲ ಮಾತ್ರ ಶೇ 1ಕ್ಕಿಂತ ಚೂರೇ ಚೂರು ಜಾಸ್ತಿ. ಅಂದರೆ ಆ ಒಂದು ಜಿಲ್ಲೆ ಸುಮಾರು 14 ಪಟ್ಟು ಉಬ್ಬಬೇಕು. ಕೊಡಗಿನ ಜನ 5,54,519, ಅದು ಅರ್ಧಕ್ಕಿಂತ ಕೆಳಗೆ ಕುಗ್ಗಬೇಕು. ಕುಗ್ಗುವುದು ಸುಲಭ. ಉಬ್ಬುವುದಕ್ಕೆ ಜಾಗ ಬೇಕಲ್ಲ? ಗ್ರಾಮಾಂತರ ಜಿಲ್ಲೆ ನೆಲಮಂಗಲದಿಂದ ಹೊಸಕೋಟೆವರೆಗೆ ನಗರವನ್ನು ಅರ್ಧಚಂದ್ರದ ಹಾಗೆ ತಬ್ಬಿಕೊಂಡಿದೆ. ಒಳಗಿನ ನಗರ ಉಬ್ಬಿದಷ್ಟೂ ಹೊರಗಿನ ಜಿಲ್ಲೆ ಉದ್ದಕ್ಕೆ ಎಳೆದುಕೊಂಡು ತೆಳ್ಳಗಾಗುತ್ತದೆ, ಬಲೂನಿಗೆ ಹಾಕಿದ ರಬ್ಬರ್ ಬ್ಯಾಂಡಿನ ಹಾಗೆ.

ನನಗೆ ರೇಗಿದ್ದು ಇಲ್ಲೇ. ಗ್ರಾಮಾಂತರದ ಗಾತ್ರ ಅಳೆದು ನೋಡಿದೆ. ಜನಸಂಖ್ಯೆಗೆ ಎಷ್ಟು ಬೇಕೋ ಹೆಚ್ಚುಕಡಿಮೆ ಅಷ್ಟೇ ಇತ್ತು! ಲೆಕ್ಕ ಸರಿ, ಆದರೆ ಕಣ್ಣಿಗೆ ಜಿಲ್ಲೆಯೇ ಕಾಣುವುದಿಲ್ಲ. ಪ್ಲಗಿನ್ ತೋರಿಸುವ ತಪ್ಪಿನ ಸರಾಸರಿಯನ್ನು ಇಳಿಸುತ್ತಾ ಕೂತಿದ್ದ ನಾನು ನಕ್ಷೆಯನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಇನ್ನೊಂದು ಕಿರಿಕಿರಿ. ಫೈಲ್ ಹಗುರ ಇರಲಿ ಎಂದು ಗಡಿಗೆರೆಯ ಬಿಂದುಗಳನ್ನು ಕಡಿಮೆ ಮಾಡಿದ್ದೆ. ಈ ವಿಧಾನದಲ್ಲಿ ಸರಿಯುವುದು ಬಿಂದುಗಳು ಮಾತ್ರ. ಎರಡು ಬಿಂದುಗಳ ನಡುವಿನ ಗೆರೆ ಬಾಗುವುದಿಲ್ಲ, ನೆಟ್ಟಗೇ ಇರುತ್ತದೆ. ಹಾಗಾಗಿ ಗೆರೆಯ ಮೇಲೆ ಗೆರೆ ಹತ್ತಿ ರಾಮನಗರದ ಹತ್ತಿರ ಗೋಜಲಾಯಿತು. ಮೂರು ಸಂಜೆ ಇದರಲ್ಲೇ ಹೋಯಿತು. ಗಡಿಯುದ್ದಕ್ಕೂ ಹೊಸ ಬಿಂದುಗಳನ್ನು ತುಂಬಿಸಿದ ಮೇಲೆ ಗೋಜಲು ಬಿಡಿಸಿಕೊಂಡಿತು. ಬಳೆ ಚೂರು ಮಾತ್ರ ಹಾಗೇ ಉಳಿಯಿತು. ಅಷ್ಟಾದರೂ ಪ್ರಿಂಟ್‌ಗೆ ಕೊಟ್ಟೆ ನೋಡಿ!

(ಅಕ್ಷಾಂಶ ರೇಖಾಂಶದ ಫೈಲನ್ನು ನೇರವಾಗಿ ಕೊಡಬೇಡಿ. ಡಿಗ್ರಿಯ ಬದಲು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ವಲಯಕ್ಕೆ ಬದಲಿಸಿಕೊಂಡೇ ಶುರು ಮಾಡಿ.)

ಎರಡನೆಯದು ಹರಿವಿನ ವಿಧಾನ, 2018ರಲ್ಲಿ ಗ್ಯಾಸ್ಟ್ನರ್ ಮತ್ತು ಜೊತೆಗಾರರು ತಂದದ್ದು. ಜನ ಕಿಕ್ಕಿರಿದ ಕಡೆಯಿಂದ ಖಾಲಿ ಕಡೆಗೆ ಎಲ್ಲವೂ ಹರಿದು, ಕೊನೆಗೆ ನಕ್ಷೆಯ ತುಂಬ ಒಂದೇ ಸಾಂದ್ರತೆ ಬರುತ್ತದೆ. ವೇಗ ಜಾಸ್ತಿ, ಅಳತೆ ಹೆಚ್ಚು ನಿಖರ, ಗಡಿಗಳೂ ನಯ. ಆದರೆ ಇಲ್ಲೂ ಅಕ್ಕಪಕ್ಕದ ಜಿಲ್ಲೆಗಳು ಅಂಟಿಕೊಂಡೇ ಇರಬೇಕು. ಗ್ರಾಮಾಂತರದ ಹಣೆಬರಹ ಬದಲಾಗಲಿಲ್ಲ.

ವೃತ್ತದ ವಿಧಾನಕ್ಕೆ ಬ್ರಿಟನ್ನಿನ ಭೂಗೋಳಶಾಸ್ತ್ರಜ್ಞ ಡ್ಯಾನಿ ಡಾರ್ಲಿಂಗ್ ಹೆಸರು ಅಂಟಿದೆ. ಜಿಲ್ಲೆಗೊಂದು ವೃತ್ತ, ಜನಸಂಖ್ಯೆಗೆ ತಕ್ಕ ಗಾತ್ರ. ಒಂದರ ಮೇಲೊಂದು ಬಂದರೆ ಪಕ್ಕಕ್ಕೆ ತಳ್ಳಿಕೊಳ್ಳುತ್ತವೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕು ಸಾಲು ಬರೆಯಬೇಕು, ನನಗೆ ಅದು ಕಷ್ಟವಾಗಲಿಲ್ಲ. ಬೆಂಗಳೂರು ದೊಡ್ಡ ತಟ್ಟೆ, ಗ್ರಾಮಾಂತರ ಅದರ ಪಕ್ಕದಲ್ಲೊಂದು ಪುಟ್ಟ ಬಟ್ಟಲು. ಎರಡೂ ಕಾಣುತ್ತವೆ. ಕನ್ನಡದಲ್ಲಿ ಜಿಲ್ಲೆಯ ಹೆಸರು ಬರೆಯಲೂ ಜಾಗ ಸಿಗುತ್ತದೆ. ಒತ್ತಕ್ಷರಕ್ಕೆ ಎತ್ತರ ಬೇಕು, ಅಲ್ವಾ?

ಕೊರತೆ ಇಲ್ಲ ಅಂತಲ್ಲ. ಕರಾವಳಿಯ ಆಕಾರ ಮಾಯ. ನಾನು ಹಿಂದೆ ರಾಜ್ಯದ ಗಡಿಯನ್ನು ತಿಳಿ ಬೂದು ಬಣ್ಣದಲ್ಲಿ ಹಾಕಿದೆ. ಅಗಲ ಎರಡು ಪಟ್ಟಾದರೆ ವೃತ್ತದ ಗಾತ್ರ ನಾಲ್ಕು ಪಟ್ಟಾಗುತ್ತದೆ, ಕಣ್ಣು ಅದನ್ನು ಕಡಿಮೆ ಎಂದೇ ಅಳೆಯುತ್ತದೆ. ಅದಕ್ಕೆ ವೃತ್ತದೊಳಗೆ ಅಂಕಿಯನ್ನೂ ಬರೆದೆ.

224 ವಿಧಾನಸಭಾ ಕ್ಷೇತ್ರಕ್ಕೆ ಒಂದೊಂದು ಷಡ್ಭುಜ ಜೋಡಿಸುವ ಆಸೆಯೂ ಇತ್ತು. ಕೈಯಲ್ಲಿ ಜೋಡಿಸುತ್ತಾ ಕೂರುವುದು ತುಂಬ ಕೆಲಸ ಎಂದು ಗೊತ್ತಾದ ಮೇಲೆ ಬಿಟ್ಟೆ.

ಎಲ್ಲ ತಂತ್ರಾಂಶವೂ ಪುಕ್ಕಟೆ, ಖರ್ಚು ಆಗಿದ್ದು ಎರಡು ಸಲ ಫ್ಲೆಕ್ಸ್‌ಗೆ ಮಾತ್ರ. ಯಾವ ಜಿಲ್ಲೆಯೂ ಎರಡು ಮೂರು ಪಟ್ಟಿಗಿಂತ ಹೆಚ್ಚು ಉಬ್ಬದ ಅಂಕಿ ಸಿಕ್ಕಿದರೆ ಹರಿವಿನ ವಿಧಾನಕ್ಕೇ ಹೋಗುತ್ತೇನೆ, ಆಕಾರ ಉಳಿಯುತ್ತದೆ. ಬೆಂಗಳೂರು ಒಳಗಿರುವ ಜನಸಂಖ್ಯೆ ನಕ್ಷೆಗಾದರೆ ವೃತ್ತವೇ. ಈ ಸಲ ಪ್ರಿಂಟ್‌ಗೆ ಕೊಡುವ ಮುಂಚೆ ಎ4 ಹಾಳೆಯಲ್ಲಿ ತೆಗೆದು ಹುಡುಗಿಯ ಕೈಗೆ ಕೊಟ್ಟೆ. ಗ್ರಾಮಾಂತರವನ್ನು ಕೂಡಲೇ ತೋರಿಸಿದಳು.